ಒಗರಿಗಾಗಿ ಒಂದು ಪೇರ್ ಗಾಣ

ಶಿರಸಿಯಲ್ಲಿ ಪೇರ್ ಹಣ್ಣು ಕೊಡಿ ಅಂದರೆ ಅಂಗಡಿಯವರು ಪೇರಲೆ ಬುಟ್ಟಿಗೆ ಕೈ ಹಾಕುತ್ತಾರೆ. ಅವರ ತಪ್ಪೇನಿಲ್ಲ. ನಮ್ಮ ಕಡೆ ಪೇರಲೆ ಅಂದರೆ ಸೀಬೆಹಣ್ಣು. ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಕೊಂಕಣಿ ಮಾತಾಡುವವರಿಗೂ ಪೇರ ಅಂದರೆ ಅದೇ. ಹಾಗಾಗಿ ದೇವಿಕೆರೆ ಹತ್ತಿರದ ಹಣ್ಣಿನಂಗಡಿಯಲ್ಲಿ ನಾನು ಬೆರಳು ತೋರಿಸಿಯೇ ಕೇಳುವುದು. "ಅಣ್ಣಾ, ಆ ಸೇಬಿನ ಪಕ್ಕ ಇರೋದು, ಕುತ್ತಿಗೆ ಉದ್ದ ಇರೋದು. ಹತ್ತು ಕೆಜಿ ಬೇಕು."

ಈ ಮಳೆಗಾಲ ಪೂರ್ತಿ ಹೀಗೆ ಹತ್ತು ಹತ್ತು ಕೆಜಿ ತಂದು ಹಿಂಡಿದ್ದೇನೆ. ಅದಕ್ಕಂತ ಒಂದು ಗಾಣ ಕಟ್ಟಿದೆ. ಅದು ಬಾಗಿತು, ಸೋರಿತು, ಮತ್ತೆ ಕಟ್ಟಿದೆ. ಕೊನೆಗೆ ನಾಲ್ಕು ಜಾತಿಯ ಪೇರ್ ರಸ ಸಾಲಾಗಿ ಇಟ್ಟುಕೊಂಡು ಮನೆಮಂದಿಯೆಲ್ಲ ರುಚಿ ನೋಡಿದೆವು. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಉಪಯೋಗವಾಗಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ರುಚಿ ಹತ್ತಿದ್ದು

ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿದ್ದೆ. ಗ್ಲಾಸ್ಟರ್‌ಶೈರ್, ಹೆರಿಫರ್ಡ್‌ಶೈರ್, ವೂಸ್ಟರ್‌ಶೈರ್ ಈ ಮೂರು ಜಿಲ್ಲೆಗಳು ಪೆರಿಯ ತವರು. ಸೇಬಿನ ರಸ ಹುಳಿಬರಿಸಿದರೆ ಸೈಡರ್, ಪೇರ್ ರಸ ಹುಳಿಬರಿಸಿದರೆ ಪೆರಿ. ಅಲ್ಲಿ ಮೇ ಹಿಲ್ ಅಂತ ಒಂದು ಗುಡ್ಡ ಇದೆ. ಆ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ ಒಳ್ಳೆ ಪೆರಿ ಮರ ಬರುತ್ತದೆ ಅನ್ನುವುದು ಅಲ್ಲಿಯವರ ಮಾತು.

ಮೊದಲು ಕುಡಿದದ್ದು ಸೂಪರ್ ಮಾರ್ಕೆಟ್ಟಿನ ಕ್ಯಾನ್. ಮೇಲೆ 'ಪೇರ್ ಸೈಡರ್' ಅಂತ ಬರೆದಿತ್ತು. ಬರೀ ಸಿಹಿ, ಗ್ಯಾಸು, ಪೇರ್ ವಾಸನೆಯ ಪೆಪ್ಪರ್‌ಮೆಂಟು ಚೀಪಿದ ಹಾಗೆ. ಎಷ್ಟೋ ಕಡೆ ಇದನ್ನು ಸಾಂದ್ರ ಮಾಡಿದ ರಸಕ್ಕೆ ನೀರು ಬೆರೆಸಿ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಂತರ ಒಂದು ಭಾನುವಾರ ತೋಟದಲ್ಲೇ ಮಾಡಿದ ಪೆರಿ ಕುಡಿದೆ. ಎರಡಕ್ಕೂ ಸಂಬಂಧವೇ ಇಲ್ಲ. ಬ್ಲೇಕ್ನಿ ರೆಡ್ ಅನ್ನುವ ಜಾತಿಯದು ಮೆತ್ತಗೆ, ಹಿತವಾಗಿ ಇಳಿಯಿತು. ಥಾರ್ನ್ ಅನ್ನುವುದು ಲಿಂಬೆ ಹಿಂಡಿದ ಹಾಗೆ ಚುರುಕು ಹುಳಿ. ಬಟ್ ಅನ್ನುವುದರಲ್ಲಿ ಎರಡು ಕೆನ್ನೆಯ ಒಳಗೂ ಹಿಡಿದುಕೊಳ್ಳುವ ಒಗರು. ಈ ಬಟ್ ಬಗ್ಗೆ ಅಲ್ಲಿ ಒಂದು ಗಾದೆಯೇ ಇದೆ: ಒಂದು ವರ್ಷ ಹೆಕ್ಕು, ಮರುವರ್ಷ ಅರೆ, ಅದರ ಮರುವರ್ಷ ಕುಡಿ. ಹಣ್ಣು ಅಷ್ಟು ಗಟ್ಟಿ.

ಪೆರಿಗೆ ಬಳಸುವುದು ತಿನ್ನುವ ಪೇರ್ ಅಲ್ಲ, ಅದೇ ಬೇರೆ ಜಾತಿ. ಹಸಿಯಾಗಿ ಕಚ್ಚಿದರೆ ಬಾಯಿ ಮುದುಡಿಕೊಳ್ಳುತ್ತದೆ. ಅಷ್ಟು ಟ್ಯಾನಿನ್, ಅಂದರೆ ಬಾಯಿ ಹಿಡಿಯುವ ರುಚಿ ಕೊಡುವ ಅಂಶ. ಅಲ್ಲಿದ್ದ ಗೆಳೆಯರಿಗೆ ಈ ರುಚಿ ವಿವರಿಸುವುದಕ್ಕೆ ಒಂದು ಪದ ಸಾಲುತ್ತಿರಲಿಲ್ಲ. ನನಗೆ ಒಂದೇ ಪದ ಸಾಕಾಯಿತು: ಒಗರು. ಅಡಿಕೆ ಬೇಯಿಸಿದ ಚೊಗರಿನ ವಾಸನೆಯಲ್ಲಿ ಬೆಳೆದವರಿಗೆ ಒಗರು ಹೊಸದಲ್ಲ, ಅಲ್ವಾ? ಅದನ್ನು ಕುಡಿಯುವ ಲೋಟದಲ್ಲಿ ಸಿಹಿ, ಹುಳಿಯ ಜೊತೆ ಸಮಸಮ ಕೂರಿಸಿದ್ದರು. ಊರಿಗೆ ಬಂದ ಮೇಲೂ ನಾಲಿಗೆಯಿಂದ ಅದು ಹೋಗಲಿಲ್ಲ.

ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವುದಕ್ಕೆ ಅಬಕಾರಿ ಕಾನೂನು ಬಿಡುವುದಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಹುಳಿಬರಿಸದ ತಾಜಾ ರಸದಲ್ಲೇ ಆ ಒಗರು, ಆ ಗಾಢತೆ ಸಿಗುತ್ತದಾ ಅಂತ ನೋಡಬೇಕಿತ್ತು. ಮಿಕ್ಸಿಯಲ್ಲಿ ರುಬ್ಬಿ ಸೋಸಿದರೆ ಗೊಜ್ಜಾಗುತ್ತದೆ, ರಸ ಆಗುವುದಿಲ್ಲ. ಹಿಂಡಬೇಕು, ಅದೂ ಭಾರ ಹಾಕಿ.

ಚೌಕಟ್ಟು ಬಾಗಿದ್ದು

ಕೊಟ್ಟಿಗೆಯಲ್ಲಿ ಹಳೇ ಜೀಪಿನ 5 ಟನ್ನಿನ ಬಾಟಲ್ ಜಾಕಿ ಇತ್ತು. ಅದೇ ಇಡೀ ಯೋಜನೆಯ ಬುಡ. ನಾಲ್ಕು ಕಂಬದ ಚೌಕಟ್ಟು, ಕೆಳಗೆ ಹಣ್ಣು, ಹಣ್ಣಿನ ಮೇಲೆ ಹಲಗೆ, ಹಲಗೆಯ ಮೇಲೆ ಜಾಕಿ. ಜಾಕಿ ಮೇಲಿನ ಅಡ್ಡಪಟ್ಟಿಗೆ ಒತ್ತಿದರೆ ಹಲಗೆ ಕೆಳಗಿಳಿಯುತ್ತದೆ.

ದುಡ್ಡು ಉಳಿಸೋಣ ಅಂತ ಗುಜರಿಯಿಂದ 40 ಮಿಮೀ ಆಂಗಲ್ ತಂದು ವೆಲ್ಡಿಂಗ್ ಮಾಡಿಸಿದೆ. ಮೊದಲ ದಿನವೇ, ಜಾಕಿ ಹತ್ತು ಸಲ ಪಂಪ್ ಮಾಡುವಷ್ಟರಲ್ಲಿ, ಮೇಲಿನ ಅಡ್ಡಪಟ್ಟಿ ಬಿಲ್ಲಿನ ಹಾಗೆ ಮೇಲಕ್ಕೆದ್ದಿತು. ಅಪ್ಪಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವ ಓಡಿ ಬಂದು ಜಾಕಿಯ ವಾಲ್ವ್ ತಿರುಗಿಸಿದ. ಆ ಪಟ್ಟಿ ಹಾರಿದ್ದರೆ ಮುಖಕ್ಕೇ ಬರುತ್ತಿತ್ತು. 5 ಟನ್ ಅಂದರೆ ಆಟ ಅಲ್ಲ. ಮಾರನೇ ದಿನ 4 ಇಂಚಿನ ಸಿ ಚಾನೆಲ್ ತಂದೆ. ಮೇಲಿನ ಅಡ್ಡಕ್ಕೆ ಎರಡು ಚಾನೆಲ್ ಬೆನ್ನಿಗೆ ಬೆನ್ನು ಕೂಡಿಸಿ ವೆಲ್ಡ್ ಮಾಡಿಸಿದೆ. ಆಮೇಲೆ ದಾರ ಎಳೆದು ಹಿಡಿದು ನೋಡಿದರೂ ಬಾಗಿದ್ದು ಕಾಣಲಿಲ್ಲ.

ಒತ್ತುವ ಜಾಗ ಒಂದು ಅಡಿ ಉದ್ದ, ಒಂದು ಅಡಿ ಅಗಲ. ಪೂರ್ತಿ 5 ಟನ್ ಹಾಕಿದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 5.4 ಕೆಜಿ ಬೀಳುತ್ತದೆ. ಅಷ್ಟು ಬೇಡವೇ ಬೇಡ. ಅರ್ಧದಲ್ಲೇ ರಸ ಧಾರೆಯಾಗಿ ಬರುತ್ತದೆ. ಅವಸರ ಮಾಡಿ ಒತ್ತಿದರೆ ಬಟ್ಟೆ ಹರಿಯುವುದು ಬಿಟ್ಟರೆ ಬೇರೆ ಲಾಭ ಇಲ್ಲ.

ಜಾಕಿ ರಿಪೇರಿ

ಚೌಕಟ್ಟು ಸರಿಯಾದ ಮೇಲೆ ಜಾಕಿ ತೊಂದರೆ ಕೊಡಲು ಶುರುಮಾಡಿತು. ಒತ್ತಡ ನಿಲ್ಲುತ್ತಿರಲಿಲ್ಲ. ಒಂದೆರಡು ನಿಮಿಷಕ್ಕೆ ಜಾಕಿಯ ಕೋಲು ತಾನೇ ಕುಸಿಯುತ್ತಿತ್ತು. ಕುತ್ತಿಗೆಯ ಸುತ್ತ ಎಣ್ಣೆ ಜಿನುಗುತ್ತಿತ್ತು. ಜಾಕಿ ಕೂರುವುದು ಹಣ್ಣಿನ ಮೇಲೆಯೇ. ಎಣ್ಣೆ ಸೋರಿದರೆ ನೇರ ರಸಕ್ಕೆ.

ಬಿಚ್ಚಿ ನೋಡಿದೆ. ಒಳಗಿನ ಎಣ್ಣೆ ತೆಳ್ಳಗೆ, ವಾಸನೆಯೇ ಬೇರೆ. ಹಿಂದೆ ಯಾವತ್ತೋ ಒಂದು ಗ್ಯಾರೇಜಿನಲ್ಲಿ ಅದಕ್ಕೆ ಬ್ರೇಕ್ ಆಯಿಲ್ ತುಂಬಿಸಿದ್ದರು. ಜಾಕಿಯೊಳಗಿನ ರಬ್ಬರಿಗೆ ಬ್ರೇಕ್ ಆಯಿಲ್ ಆಗುವುದಿಲ್ಲ, ಊದಿ ಮೆತ್ತಗಾಗುತ್ತದೆ. ನನ್ನದು ಹಾಗೇ ಆಗಿತ್ತು. ಉಗುರಿನಿಂದ ಒತ್ತಿದರೆ ಬೇಯಿಸಿದ ಹಲಸಿನ ತೊಳೆಯ ಹಾಗೆ ಗುರುತು ಬೀಳುತ್ತಿತ್ತು.

ಮೇಲಿನ ದೊಡ್ಡ ನಟ್ ಬಿಚ್ಚಿ ಕೋಲು ಹೊರಗೆಳೆದೆ. ಓ ರಿಂಗ್ ಮತ್ತು ಬುಡದ ಕಪ್ ವಾಷರ್ ತೆಗೆದುಕೊಂಡು ಹೋಗಿ ಅದೇ ಅಳತೆಯದು ಹುಡುಕಿಸಿದೆ. ಒಳಭಾಗ ಎಲ್ಲ ಒರೆಸಿ ಒಣಗಿಸಿ, ಹೊಸ ವಾಷರಿಗೆ ಎಣ್ಣೆ ಸವರಿ ಕೂರಿಸಿದೆ. ಕೋಲು ಪೂರ್ತಿ ಕೆಳಗಿದ್ದಾಗ ತುಂಬುವ ತೂತಿನ ಮಟ್ಟಕ್ಕೆ ಹೈಡ್ರಾಲಿಕ್ ಆಯಿಲ್ ಹಾಕಬೇಕು, ಜಾಸ್ತಿ ಬೇಡ. ಆಮೇಲೆ ವಾಲ್ವ್ ಬಿಟ್ಟುಕೊಂಡು ಎಂಟ್ಹತ್ತು ಸಲ ಸುಮ್ನೆ ಪಂಪ್ ಮಾಡಿದರೆ ಒಳಗಿನ ಗಾಳಿ ಹೋಗುತ್ತದೆ. ಇಷ್ಟೆಲ್ಲ ಆದಮೇಲೂ ಜಾಕಿಯ ಕೆಳಗೆ ಅಂಚಿರುವ ಸ್ಟೀಲ್ ತಟ್ಟೆ ಇಟ್ಟೇ ಇಡುತ್ತೇನೆ. ತಟ್ಟೆಯೊಳಗೆ ಒಂದು ಬಿಳಿ ಕಾಗದ. ಒಂದು ಹನಿ ಬಿದ್ದರೂ ಗೊತ್ತಾಗಬೇಕು.

ಹಲಗೆ, ಬಟ್ಟೆ

ಹಣ್ಣಿನ ಪದರಗಳ ನಡುವೆ ರಸ ಹರಿಯಲು ಸಂದು ಬೇಕು. ಅದಕ್ಕೆ ಪಟ್ಟಿ ಹೊಡೆದ ಜಾಲರಿ ಹಲಗೆ ಬೇಕು. ಮನೆಯಲ್ಲಿ ಅಡಿಕೆ ದಬ್ಬೆಗೇನು ಬರ? ಅದರಲ್ಲೇ ಮಾಡಿದೆ. ಒತ್ತಡಕ್ಕೆ ಸಿಬಿರು ಎದ್ದು ಬಟ್ಟೆಗೆಲ್ಲ ಚುಚ್ಚಿತು. ಬಿಟ್ಟೆ.

ಹಲಸಿನ ಹಲಗೆಯಲ್ಲಿ ಮಾಡಿದ್ದು ನಿಂತಿತು. ಆದರೆ ಹಲಸಿನ ಮರಕ್ಕೆ ಬಣ್ಣ ಬಿಡುವ ಗುಣ ಇದೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಅದೇ ಬಣ್ಣ ಹಾಕುತ್ತಿದ್ದರು. ಮೊದಲ ಸಲ ಬಿಸಿನೀರಿನಲ್ಲಿ ಹಾಕಿದಾಗ ಹಂಡೆಯ ನೀರು ಅರಿಶಿನ ಕದಡಿದ ಹಾಗಾಯಿತು. ನಾಲ್ಕನೇ ಕುದಿಗೆ ನೀರು ತಿಳಿಯಾಯಿತು. ಅಲ್ಲಿಯವರೆಗೂ ರಸ ಮುಟ್ಟಿಸಲಿಲ್ಲ.

ಬಟ್ಟೆಗೆ ಪಾಣಿಪಂಚೆ ನಂಬಿ ಕೆಟ್ಟೆ. ಎರಡನೇ ಸಲಕ್ಕೇ ನಡುವಲ್ಲಿ ಹರಿಯಿತು. ಈಗ ಬಳಸುವುದು ಕಿಟಕಿ ಪರದೆಗೆ ಬರುವ ತೆಳು ಪಾಲಿಯೆಸ್ಟರ್ ಬಟ್ಟೆ. ತೊಳೆಯುವುದೂ ಸುಲಭ.

ರುಬ್ಬಿದ್ದೇ ತಪ್ಪಾಗಿತ್ತು

ನನ್ನ ಇಡೀ ಜುಲೈ ತಿಂದದ್ದು ಇದು. ಹಣ್ಣನ್ನು ಗ್ರೈಂಡರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ರುಬ್ಬಿದರೆ ರಸ ಸಲೀಸಾಗಿ ಬರುತ್ತದೆ ಅಂತ ನನ್ನ ಲೆಕ್ಕ. ಆದದ್ದೇ ಬೇರೆ. ಒತ್ತಿದ ಕೂಡಲೇ ಹಿಟ್ಟಿಗೆ ಹಿಟ್ಟೇ ಬಟ್ಟೆಯ ಕಣ್ಣಿಂದ ಹೊರಗೆ ಬಂತು, ಚಕ್ಕುಲಿ ಒರಳಿನಿಂದ ಬಂದ ಹಾಗೆ. 10 ಕೆಜಿಗೆ ಸಿಕ್ಕಿದ್ದು 3 ಲೀಟರ್, ಅದೂ ಗಂಜಿಯಂಥದ್ದು.

ರಸಕ್ಕೆ ಹೊರಬರಲು ದಾರಿ ಬೇಕು. ನುಣ್ಣಗಾದಷ್ಟೂ ದಾರಿ ಮುಚ್ಚುತ್ತದೆ. ಹಣ್ಣು ಅವಲಕ್ಕಿ ದಪ್ಪದ ಚೂರಾಗಬೇಕು, ಹಿಟ್ಟಾಗಬಾರದು. ಅದಕ್ಕೆ ಹಲಸಿನ ತುಂಡೊಂದನ್ನು ಲೇತಿನಲ್ಲಿ 5 ಇಂಚಿನ ಉರುಳೆ ಮಾಡಿಸಿದೆ. ಅದರ ಮೈತುಂಬ 60 ಸ್ಟೇನ್‌ಲೆಸ್ ಸ್ಕ್ರೂ, ಒಂದೊಂದೂ 3 ಮಿಮೀ ಹೊರಗೆ. ಹಳೇ ಅರ್ಧ ಎಚ್‌ಪಿ ಮೋಟರು 1440 ಸುತ್ತಿನದು. ಎರಡೂವರೆ ಇಂಚಿನ ಪುಲ್ಲಿಯಿಂದ ಏಳೂವರೆ ಇಂಚಿನ ಪುಲ್ಲಿಗೆ ಬೆಲ್ಟ್ ಹಾಕಿದರೆ ಉರುಳೆ ನಿಮಿಷಕ್ಕೆ 480 ಸುತ್ತು. ಮೇಲೆ ತಗಡಿನ ಕೊಳವೆ, ಕೈ ಇಳಿಯದಷ್ಟು ಆಳದ್ದು. ಹಣ್ಣು ತಳ್ಳುವುದಕ್ಕೆ ಮರದ ಕೋಲೇ ಬೇಕು, ಬೆರಳು ಯಾವತ್ತೂ ಬೇಡ. ಇದರಲ್ಲಿ ಹಣ್ಣು ತುರಿದ ಮಾವಿನಕಾಯಿಯ ಹಾಗೆ ಬೀಳುತ್ತದೆ. 10 ಕೆಜಿಗೆ ನಾಲ್ಕೂವರೆ ಲೀಟರ್ ಆಯಿತು.

ಅದಕ್ಕಿಂತ ದೊಡ್ಡ ಲಾಭ ಕೊಟ್ಟಿದ್ದು ಭತ್ತದ ಹೊಟ್ಟು. ದೊಡ್ಡ ರಸದ ಕಾರ್ಖಾನೆಗಳಲ್ಲಿ ಹಿಂಡುವ ಹಣ್ಣಿಗೆ ಹೊಟ್ಟು ಬೆರೆಸುವ ಪದ್ಧತಿ ಇದೆ. ಹೊಟ್ಟು ಒತ್ತಡಕ್ಕೆ ಕುಗ್ಗುವುದಿಲ್ಲ, ಒಂದೊಂದು ಸಿಪ್ಪೆಯೂ ರಸ ಹರಿಯಲು ಒಂದು ಪುಟ್ಟ ಕಾಲುವೆ ಆಗುತ್ತದೆ. ನಮ್ಮೂರಲ್ಲಿ ಇದು ಅಕ್ಕಿ ಮಿಲ್ಲಿನ ಹಿಂದೆ ರಾಶಿ ಬಿದ್ದಿರುತ್ತದೆ! ಒಂದು ಚೀಲ ತಂದು, ಜರಡಿ ಹಿಡಿದು, ನಾಲ್ಕು ನೀರಲ್ಲಿ ತೊಳೆದು, ಕುದಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಕುದಿಸದಿದ್ದರೆ ರಸಕ್ಕೆ ಧೂಳಿನ ವಾಸನೆ ಬರುತ್ತದೆ. 10 ಕೆಜಿ ಹಣ್ಣಿಗೆ 200 ಗ್ರಾಂ ಸಾಕು. ಎರಡೂವರೆ ಕೆಜಿಯ ನಾಲ್ಕು ಪದರ, ನಡುವೆ ಜಾಲರಿ. ಜಾಕಿ ಮೂರು ಸಲ ಒತ್ತಿ ಐದು ನಿಮಿಷ ಬಿಡುವುದು, ಮತ್ತೆ ಮೂರು ಸಲ. ಆ ದಿನ 5 ಲೀಟರ್ 800 ಎಂಎಲ್ ಅಳೆದೆ. ಬಟ್ಟೆ ಬಿಚ್ಚಿದರೆ ಒಳಗೆ ಒಣ ರೊಟ್ಟಿಯಂಥ ಹಿಂಡಿ, ಮುರಿದರೆ ಪಟ್ಟನೆ ಮುರಿಯಿತು. ಆ ಸದ್ದು ಕೇಳಿ ನನಗೆ ಆದ ಖುಷಿ ಹೇಳಲಾರೆ.

ನಾಲ್ಕು ಪೇರ್

ಪಂಜಾಬಿನ ನಾಸ್ಪಾತಿ ಮೊದಲು ಬಂತು. ಪತ್ಥರ್‌ನಾಖ್ ಅಂತಾರೆ, ಹೆಸರಿನ ಹಾಗೇ ಕಲ್ಲು. ಹಿಂಡುವುದಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ರಸವೂ ಜಾಸ್ತಿ. ರುಚಿ ಮಾತ್ರ ತೆಳುವು. ನೀರು ಬೆರೆಸಿದ ಕಬ್ಬಿನ ಹಾಲು ಅನ್ನಬಹುದು. ನುಂಗಿದ ಮೇಲೆ ಏನೂ ಉಳಿಯುವುದಿಲ್ಲ.

ಬಾಬುಗೋಶಾ ಆಗಸ್ಟಿನಲ್ಲಿ. ಲೋಟ ಮೂಗಿನ ಹತ್ತಿರ ತಂದರೆ ಸಾಕು, ಇದು ಪೇರ್ ಅಂತ ಕಣ್ಣು ಮುಚ್ಚಿ ಹೇಳಬಹುದು. ಪರಿಮಳದಲ್ಲಿ ಇದಕ್ಕೇ ಪೂರ್ತಿ ಅಂಕ. ಆದರೆ ಈ ಜಾತಿ ಒಳಗಿನಿಂದ ಹೊರಗೆ ಹಣ್ಣಾಗುತ್ತದೆ. ಹೊರಗೆ ಮೆತ್ತಗಾದಾಗ ಒಳಗೆ ಕೊಳೆತೇ ಹೋಗಿರುತ್ತದೆ. ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ ನೋಡಿ, ತುಸು ಬಗ್ಗಿದ ದಿನವೇ ಹಿಂಡಬೇಕು. ನಾನು ಎರಡು ದಿನ ತಡ ಮಾಡಿ ಒಂದು ಕಂತು ಪೂರ್ತಿ ಹಾಳುಮಾಡಿದೆ.

ಪ್ಯಾಕ್‌ಹ್ಯಾಮ್ ಹೊರದೇಶದ್ದು, ದಕ್ಷಿಣ ಆಫ್ರಿಕಾದ ಸ್ಟಿಕರ್ ಇತ್ತು. ಜಾತಿ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, 1896ರಲ್ಲಿ. ದುಬಾರಿ ಅಂತ ಮೂರೇ ಕೆಜಿ ತಂದೆ. ದುಂಡನೆಯ ಸಿಹಿ, ಬೆಣ್ಣೆಯಂಥ ರಸ. ಹಣ್ಣಾಗಿ ತಿನ್ನಲು ಸೊಗಸು. ಹಿಂಡಲು ಮತ್ತೆ ತರುವುದಿಲ್ಲ.

ಈ ಮೂರರಲ್ಲೂ ಒಗರಿಲ್ಲ. ಹುಳಿಯೂ ಕಡಿಮೆ. ಹುಳಿಯ ವಿಷಯ ಬರೀ ರುಚಿಯದಲ್ಲ. ಹುಳಿ ಅಳೆಯುವ ಅಂಕಿ ಪಿಎಚ್, ಹುಳಿ ಕಡಿಮೆಯಾದಷ್ಟೂ ಅದು ಏರುತ್ತದೆ. ಪೇರ್ ರಸದ ಪಿಎಚ್ ಕೆಲವು ಸಲ 4.6ರ ತನಕವೂ ಹೋಗುತ್ತದೆ, ಏಷ್ಯಾದ ಜಾತಿಗಳಲ್ಲಿ ಅದನ್ನೂ ದಾಟುವುದಿದೆ. ಅಂಥ ರಸವನ್ನು ಹಾಗೇ ಬಾಟಲಿಗೆ ತುಂಬಿಡುವುದು ಅಪಾಯ. ಹಾಗಾಗಿ ಪಿಎಚ್ ಪಟ್ಟಿ ಅದ್ದಿ, 4ಕ್ಕಿಂತ ಕೆಳಗೆ ಬರುವ ತನಕ ಹುಳಿ ಸೇರಿಸುತ್ತೇನೆ. ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣಿನ ಒಣ ಸಿಪ್ಪೆ ನೆನೆಸಿ ಹಾಕಿ ನೋಡಿದೆ. ಮಳೆಗಾಲದಲ್ಲಿ ಅದನ್ನು ಒಣಗಿಸುವುದೇ ಬೆಂಕಿಯ ಮೇಲೆ. ಆ ಹೊಗೆ ವಾಸನೆ ರಸವನ್ನೆಲ್ಲ ನುಂಗಿತು. ಮುರುಗಲು, ಅಂದರೆ ಕೋಕಂ, ಹಾಕಿದ್ದು ಬಣ್ಣಕ್ಕೂ ಚೆಂದ, ರುಚಿಗೂ ಚೆಂದ, ಆದರೆ ಅದು ಮುರುಗಲು ಪಾನಕವೇ ಆಯಿತು, ಪೇರ್ ಕಾಣೆ. ಕೊನೆಗೆ ಲಿಂಬೆಯೇ ಸರಿ. ಹಣ್ಣು ತುರಿಯುವಾಗಲೇ ಲಿಂಬೆ ಹಿಂಡಿದರೆ ರಸ ಕಂದಾಗುವುದೂ ಕಡಿಮೆ.

ಒಗರಿಗೆ ಗಟ್ಟಿ ಚಹಾ ಡಿಕಾಕ್ಷನ್ ಹಾಕಿದೆ, ಲೀಟರಿಗೆ ಎರಡು ಚಮಚ. ಮನೆಯಲ್ಲಿ ಸೈಡರ್ ಮಾಡುವವರು ಅಲ್ಲಿ ಹಾಗೆ ಮಾಡುತ್ತಾರೆ. ಪರವಾಗಿಲ್ಲ, ಆದರೆ ಚಹಾದ ಒಗರು ನಾಲಿಗೆಯ ಮೇಲೆ ಬೇರೆಯಾಗಿಯೇ ಕೂರುತ್ತದೆ. ಹಣ್ಣಿನೊಳಗಿಂದ ಬಂದದ್ದಲ್ಲ ಅಂತ ಗೊತ್ತಾಗುತ್ತದೆ. ಅಡಿಕೆ ಚೊಗರು ಹಾಕಬಾರದಾ ಅಂತ ಒಬ್ಬರು ಕೇಳಿದರು. ಅಡಿಕೆ ಆರೋಗ್ಯಕ್ಕೆ ಮಾಡುವ ಕೇಡು ಗೊತ್ತಿದ್ದೂ ಕುಡಿಯುವ ವಸ್ತುವಿಗೆ ಅದನ್ನು ನಾನು ಹಾಕುವುದಿಲ್ಲ.

ನಾಲ್ಕನೇ ಪೇರ್, ಬೇರಿಕಾಯಿ, ಬಂದದ್ದು ಆಮೇಲೆ. ಬೆಂಗಳೂರಿನಿಂದ ಬಂದ ನೆಂಟರು ಒಂದು ಚೀಲ ತಂದಿದ್ದರು, ಉಪ್ಪು ಖಾರ ಹಚ್ಚಿ ತಿನ್ನಲಿಕ್ಕೆ. ಹಸಿರು, ಮೈಮೇಲೆ ಕಂದು ಚುಕ್ಕೆ, ಕಚ್ಚಿದರೆ ಹಲ್ಲಿಗೆ ಮರಳು ಸಿಕ್ಕ ಹಾಗೆ. ಪೇರ್‌ನ ತಿರುಳಿನಲ್ಲಿರುವ ಗಟ್ಟಿ ಕಲ್ಲು ಕೋಶಗಳು ಅವು. ಕಚ್ಚಿದವನು ಹಾಗೇ ನಿಂತೆ. ಕೆನ್ನೆಯ ಒಳಗೆ ಅದೇ ಹಿಡಿತ! ಚೀಲದಲ್ಲಿ ಉಳಿದ 8 ಕೆಜಿಯನ್ನೂ ಕೇಳಿಕೊಂಡು ಉರುಳೆಗೆ ಹಾಕಿದೆ.

ತುರಿದದ್ದನ್ನು ಕೂಡಲೇ ಹಿಂಡಲಿಲ್ಲ. ಒಗರು ಜಾಸ್ತಿ ಇರುವ ಪೆರಿ ಹಣ್ಣನ್ನು ಅರೆದು ಒಂದು ರಾತ್ರಿ ಬಿಡುತ್ತಾರೆ, ಒಗರು ಸ್ವಲ್ಪ ಇಳಿಯಲಿ ಅಂತ. ನಮ್ಮ ಹವೆಯಲ್ಲಿ ಹೊರಗೆ ರಾತ್ರಿಯಿಡೀ ಬಿಟ್ಟರೆ ನೊರೆ ಏಳುತ್ತದೆ. ಹಾಗಾಗಿ ಫ್ರಿಜ್ಜಿನಲ್ಲಿ ಐದು ತಾಸು ಇಟ್ಟೆ. ರಸ ನಾಲ್ಕೇ ಲೀಟರ್, ಬಣ್ಣ ತೆಳು ಚಹಾದ್ದು. ಲಿಂಬೆ ಅರ್ಧಕ್ಕರ್ಧ ಕಡಿಮೆ ಸಾಕಾಯಿತು. ಬಾಟಲಿಗೆ ತುಂಬಿ, 70 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ತಣಿದ ಮೇಲೆ ಫ್ರಿಜ್ಜಿಗೆ. ಒಂದು ದಿನಕ್ಕೆ ತಳದಲ್ಲಿ ಕಂದು ಗಸಿ ಕೂತಿತು, ಮೇಲೆ ತಿಳಿ ರಸ.

ರುಚಿ ನೋಡಿದ ಸಂಜೆ ಜೋರು ಮಳೆ, ಕರೆಂಟಿಲ್ಲ. ನಾಲ್ಕು ಲೋಟ, ಯಾವುದು ಯಾವುದು ಅಂತ ಹೇಳಲಿಲ್ಲ. ಅಪ್ಪಯ್ಯ ಬಾಬುಗೋಶಾ ಮೂಸಿ ಅಲ್ಲೇ ನಿಂತ. ಅವನಿಗೆ ಅದೇ ಇಷ್ಟ ಆಯಿತು. ಆಯಿ ನಾಲ್ಕನೆಯದನ್ನು ಒಂದು ಗುಟುಕು ಕುಡಿದು, ಸುಮ್ಮನೆ ಕೂತು, ಮತ್ತೊಂದು ಗುಟುಕು ಕುಡಿದಳು. "ಇದು ಚೊಲೋ ಇದ್ದು. ಕುಡದ ಮೇಲೂ ಬಾಯಲ್ಲೇ ಇದ್ದು" ಅಂದಳು. ಗ್ಲಾಸ್ಟರ್‌ನಲ್ಲಿ ನನಗೆ ಹೇಳಲಿಕ್ಕೆ ಬಂದದ್ದು ಇಷ್ಟೇ ಮಾತು.

ಥಾರ್ನ್‌ನ ಚುರುಕು ಇದರಲ್ಲಿಲ್ಲ. ಬಟ್‌ನ ಒಗರಿನಲ್ಲಿ ಕಾಲುಭಾಗ ಇರಬಹುದು. ಪರಿಮಳ ಕಡಿಮೆ. ಅದಕ್ಕಂತ ಬಾಬುಗೋಶಾ ಕಾಲುಭಾಗ ಬೆರೆಸಿದೆ. ಕುಡಿಯಲು ಬಹಳ ಚೆನ್ನಾಗಿತ್ತು, ಆದರೆ ಎರಡು ದಿನಕ್ಕೆ ಮತ್ತೆ ಮಬ್ಬಾಗಿ ಗಸಿ ಬಿತ್ತು. ಎರಡು ಪೆರಿ ಬೆರೆಸಿದರೂ ಹೀಗೇ ಆಗುವುದುಂಟು, ಟ್ಯಾನಿನ್ ಗಸಿಯಾಗಿ ಇಳಿಯುತ್ತದೆ. ಬೆರೆಸುವುದಾದರೆ ಲೋಟದಲ್ಲೇ ಬೆರೆಸಿ, ಬಾಟಲಿಯಲ್ಲಿ ಬೇಡ.

ಒಂದು ಎಚ್ಚರಿಕೆ. ಪೇರ್‌ನಲ್ಲಿ ಸಾರ್ಬಿಟಾಲ್ ಅನ್ನುವ ಸಿಹಿ ಅಂಶ ಸೇಬಿಗಿಂತ ಜಾಸ್ತಿ. ಯೀಸ್ಟ್ ಕೂಡ ಅದನ್ನು ತಿನ್ನಲಾರದು, ಹಾಗಾಗಿಯೇ ಪೆರಿ ಪೂರ್ತಿ ಹುಳಿತರೂ ತುಸು ಸಿಹಿ ಉಳಿಯುವುದು. ನಮ್ಮ ಹೊಟ್ಟೆಗೂ ಅದು ಪೂರ್ತಿ ಜೀರ್ಣ ಆಗುವುದಿಲ್ಲ. ಮೂರು ಲೋಟ ಕುಡಿದ ತಮ್ಮನಿಗೆ ರಾತ್ರಿಯೆಲ್ಲ ಹೊಟ್ಟೆ ಸರಿ ಇರಲಿಲ್ಲ. ಮಕ್ಕಳಿಗೆ ಅರ್ಧ ಲೋಟ ಸಾಕು.

ಉರುಳೆಯ ಸ್ಕ್ರೂಗಳಲ್ಲಿ ಏಳು ಸಡಿಲ ಆಗಿವೆ. ಬೇರಿಕಾಯಿಯ ಗಟ್ಟಿಗೆ ಹಲಸಿನ ಮರ ಅಷ್ಟು ಹಿಡಿಯುತ್ತಿಲ್ಲ. ಮುಂದಿನ ಜುಲೈಗೆ ಮೊದಲು ಸ್ಟೀಲ್ ಪೈಪಿನ ಉರುಳೆ ಮಾಡಿಸಬೇಕು. ಬೆಂಗಳೂರಿನ ನೆಂಟರಿಗೆ ಎರಡು ಚೀಲ ಬೇರಿಕಾಯಿಗೆ ಈಗಲೇ ಹೇಳಿಟ್ಟಿದ್ದೇನೆ. ಜಾಕಿಯ ಮೇಲೆ ಭಾರ ಹಾಕಿಟ್ಟು ಇವತ್ತಿಗೆ ಮೂರು ದಿನ. ಬೆಳಿಗ್ಗೆ ತಟ್ಟೆಯೊಳಗಿನ ಕಾಗದ ತೆಗೆದು ಬೆಳಕಿಗೆ ಹಿಡಿದೆ. ಒಂದು ಕಲೆಯೂ ಇಲ್ಲ.